ಮೌನಕ್ಕೆ ಬಂದ ಬಹುಮಾನ

ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ಬಹುಮಾನ ಕೊಟ್ಟದ್ದು ಸ್ಟೀಲಿನ ಡಬ್ಬಿಯೋ ತಾಟೋ, ಖಾತ್ರಿ ಇಲ್ಲ. ಮೊದಲು ಚಪ್ಪಾಳೆ ಹೊಡೆದವಳು ನಾನು ಅನ್ನುವುದು ಮಾತ್ರ ಖಾತ್ರಿ. (ಅಣ್ಣ ತಾನೇ ಅನ್ನುತ್ತಾನೆ. ಇರಲಿ.)

ಹೋದ ಶನಿವಾರ ನಿಪ್ಪಾಣಿ ಕಡೆಯ ಒಂದು ವಸತಿ ಶಾಲೆಗೆ ಹೋಗಿದ್ದೆವು. ಅಂಕಲಿಯ ನನ್ನ ಅಣ್ಣನ ಮಗಳು ಪ್ರಾಜಕ್ತಾ ಅಲ್ಲಿ ಒಂಬತ್ತನೇ ಕ್ಲಾಸು. ಶೀಲ, ಶಿಸ್ತು, ಸಂಸ್ಕಾರ ಕಲಿಸುವ ಶಾಲೆ. ಮೊಬೈಲ್ ಇಲ್ಲ, ನಸುಕಿಗೇ ಏಳಬೇಕು, ದಿನಾ ಎರಡು ತಾಸು ಮೌನ.

ಇದೇ ಅಂಕಣದಲ್ಲಿ ಆ ಶಾಲೆಯನ್ನು ನಾನು ಹೊಗಳಿ ಬರೆದಿದ್ದೆ. ಕಾರಣ, ಪ್ರಾಜಕ್ತಾಳ ಅಣ್ಣ ಸಾಗರ. ದಿನಕ್ಕೊಂದು ಜಗಳ ತರುತ್ತಿದ್ದ ಹುಡುಗ ಎರಡು ವರ್ಷ ಅಲ್ಲಿದ್ದು ಬಂದು, ಉಂಡ ತಾಟು ತಾನೇ ತೊಳೆಯತೊಡಗಿದ. ಇನ್ನೇನು ಬೇಕು? ಹಾಗಾಗಿ ಪ್ರಾಜಕ್ತಾ ಓದಿನಲ್ಲಿ ಹಿಂದೆ ಬಿದ್ದು, ಯಾರು ಏನು ಕೇಳಿದರೂ ತಲೆ ತಗ್ಗಿಸಿ ನಿಲ್ಲತೊಡಗಿದಾಗ ಅರ್ಜಿ ತುಂಬಿದವಳೂ ನಾನೇ.

ಶನಿವಾರ ಅವಳಿಗೆ ಬಹುಮಾನ. ಯಾವುದಕ್ಕೆ? ಮೌನಕ್ಕೆ. ಇಡೀ ಶಾಲೆಗೇ ಮೊದಲು!

"ಒಂದ್ ಮಾತ್ ಆಡಂಗಿಲ್ರಿ. ಬಾಳ ಶಾಣ್ಯಾ ಹುಡುಗಿ," ಅಂದರು ಮೇಡಂ.

ಮಾತು ನಿಂತಿದೆ ಎಂದು ಕಳಿಸಿದ ಹುಡುಗಿಗೆ ಮೌನದ ಬಹುಮಾನ. ನಾವು ಚಪ್ಪಾಳೆ ಹೊಡೆದೆವು.

ವಾರದ ರಜೆಗೆ ಅವಳನ್ನು ಕರೆದುಕೊಂಡು ಹೊರಟೆವು. ಚಿಕ್ಕೋಡಿ ದಾಟಿದ ಮೇಲೆ ಮುಂದೊಂದು ಕಬ್ಬಿನ ಟ್ರ್ಯಾಕ್ಟರ್, ಎರಡು ಟ್ರೇಲರ್, ಜೋರು ಮರಾಠಿ ಹಾಡು. ಅಣ್ಣ ಓವರ್‌ಟೇಕ್ ಮಾಡುವಾಗ ನಮ್ಮ ಕಾರಿನ ಕಿಟಕಿಯಿಂದಲೇ ಒಂದು ಕೂಗು: "ಮಾಮಾ, ಥಾಂಬಾ! ದೋರ ಸುಟ್ಲಾ!"

ನಮ್ಮ ಪ್ರಾಜಕ್ತಾ!

ಟ್ರ್ಯಾಕ್ಟರ್ ಡ್ರೈವರ್ ನಿಲ್ಲಿಸಿದ, ಅಣ್ಣನೂ ಕಾರು ನಿಲ್ಲಿಸಿದ. ಹಿಂದಿನ ಟ್ರೇಲರಿನ ಹಗ್ಗ ನಿಜಕ್ಕೂ ಬಿಚ್ಚಿತ್ತು, ಕಬ್ಬು ವಾಲಿತ್ತು. ಅದರ ಪಕ್ಕಕ್ಕೇ ಬೈಕಿನಲ್ಲಿ ಗಂಡ, ಹೆಂಡತಿ, ಕೂಸು. ಇವಳು ಇಳಿದೇಬಿಟ್ಟಳು.

"ಮೊದ್ಲ ಆ ಕಡೆ ಬಿಗೀರಿ ಮಾಮಾ. ಈ ಕಡೆ ಎಳದ್ರ ಎಲ್ಲಾ ಬೀಳ್ತೈತಿ."

"ಕಬ್ಬಿನಾಗ ಹುಟ್ಟೀ ಏನವಾ?" ಡ್ರೈವರ್ ನಕ್ಕ.

"ದವಾಖಾನ್ಯಾಗ ಹುಟ್ಟೇನಿ. ಕಣ್ಣ ಅದಾವು ನನಗ."

ಎಷ್ಟು ತಿಂಗಳಾಗಿತ್ತು ಈ ದನಿ ಕೇಳಿ! ಅಂಕಲಿ ಬರುವವರೆಗೂ ಅವಳದ್ದೇ ಮಾತು. ನಡುವೆ ಕೇಳಿದೆ, "ಸಾಲ್ಯಾಗ ಯಾಕ ಮಾತಾಡಂಗಿಲ್ಲ?"

"ಯಾರೂ ಏನೂ ಕೇಳಂಗಿಲ್ಲ, ಅತ್ತಿ. ಸುಮ್ನಿದ್ರ ಛಲೋ ಅಂತಾರ."

ಶಾಲೆ ಕೆಟ್ಟದ್ದಲ್ಲ. ಸಾಗರನಿಗೆ ಸುಮ್ಮನಿರುವುದನ್ನು ಕಲಿಸಬೇಕಿತ್ತು, ಕಲಿಸಿತು. ಸುಮ್ಮನಿದ್ದವಳಿಗೂ ಅದೇ ಪಾಠವೇ? ಅಣ್ಣನ ಅಂಗಿಯ ಅಳತೆ ಕೊಟ್ಟು ತಂಗಿಗೆ ಬಟ್ಟೆ ಹೊಲಿಸುತ್ತೇವೆಯೇ?

ನಾಳೆ ಅವಳನ್ನು ಮರಳಿ ಬಿಡಬೇಕು. ಅವಳು ಆಗಲೇ ಮತ್ತೆ ತಲೆ ತಗ್ಗಿಸಿದ್ದಾಳೆ. ಅಣ್ಣನದು ಒಂದೇ ಹಟ: "ಸಾಗ್ಯಾ ಸುಧಾರಿಸಿಲ್ಲೇನು? ಇಕಿನೂ ಸುಧಾರಿಸ್ತಾಳ."

ಗುರುವಾರ ಅವನಿಗೆ ಕೇಳಿದೆ:

"ಅಣ್ಣಾ, ಮುಂದಿನ ವರ್ಷನೂ ಇದೇ ಬಹುಮಾನ ತಂದ್ಲಂದ್ರ, ಮತ್ತ ಚಪ್ಪಾಳಿ ಹೊಡಿತೀಯೇನು?"