ನಂಜಿನ ಏಡಿ

1956ರ ನವೆಂಬರ್ ಒಂದರಂದು ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಮುಳ್ಳೂರಿನ ನಮ್ಮ ಮನೆಯ ಒರಳು ಮಾತ್ರ ಅಡುಗೆಮನೆಯ ಮೂಲೆಯಲ್ಲಿ ಇದ್ದಲ್ಲೇ ಇತ್ತು. ಗದ್ದೆಬದುವಿನ ಬಿಲದಿಂದ ಹಿಡಿದು ತಂದ ಏಡಿಗಳನ್ನು ಅದರಲ್ಲಿ ಕುಟ್ಟಿ, ರಸ ಸೋಸಿ, ಮೆಣಸು ಬೆಳ್ಳುಳ್ಳಿ ಹಾಕಿ ಅವ್ವ ಕಾಯಿಸುತ್ತಿದ್ದ ಸಾರಿಗೆ ಎಂಥ ನೆಗಡಿಯೂ ಹೆದರುತ್ತಿತ್ತು. ರಾಜ್ಯ ಬದಲಾದರೂ ನಮ್ಮ ನಾಲಗೆ ಬದಲಾಗಲಿಲ್ಲ, ರುಚಿಯಲ್ಲೂ ಮಾತಿನಲ್ಲೂ. ಹನೂರಿನಾಚೆಯ ಕೌದಳ್ಳಿಯಲ್ಲಿ ಹುಟ್ಟಿದ ಅವ್ವ ಕನ್ನಡದಲ್ಲಿ ಬೈದು ತಮಿಳಿನಲ್ಲಿ ಮುದ್ದಿಸುತ್ತಿದ್ದಳು. ಅಕ್ಕನ ಗಂಡ ಸಿದ್ದರಾಜು ಯಳಂದೂರಿನವರು. ಆ ಊರು ಮೊದಲಿನಿಂದಲೂ ಮೈಸೂರಿನದು. ಭಾವನಿಗೆ ತಮಿಳಿನ ಗಾಳಿಯೂ ಸೋಕಿರಲಿಲ್ಲ.

ನಂಜು ಎಂಬ ಮಾತನ್ನು ತುಸು ಗಮನಿಸಿ, ಮಿತ್ರರೇ. ಪುಸ್ತಕದಲ್ಲಿ ಅದು ವಿಷ. ನಮ್ಮ ಹಳ್ಳಿಗಳಲ್ಲಿ ಗಾಯ ಕೀವುಗಟ್ಟಿದರೂ ನಂಜು, ಬಾಣಂತಿಗೆ ಜ್ವರ ಏರಿದರೂ ನಂಜು. ಕೆಮ್ಮಿನ ಕಷಾಯವೆಂದರೆ ಕೆಮ್ಮನ್ನು ಓಡಿಸುವ ಕಷಾಯ. ಹಾಗಾದರೆ ನಂಜಿನ ಏಡಿ ಎಂದರೆ? ಒಂದು ಬೆಳಿಗ್ಗೆ ನನ್ನ ಅಕ್ಕನ ಪ್ರಾಣ ಈ ವ್ಯಾಕರಣದ ಮೇಲೆ ನಿಂತಿತ್ತು.

ರಾಜ್ಯ ಸೇರಿ ಏಳೆಂಟು ವರ್ಷವಾಗಿತ್ತು. ಅಕ್ಕ ಕೆಂಪಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಗು ಗುಂಡುಗುಂಡಾಗಿತ್ತು, ತಾಯಿಗೆ ನಂಜು ಹತ್ತಿತು. ಕೊಳ್ಳೇಗಾಲದ ಆಸ್ಪತ್ರೆಯ ಸೂಜಿಗೆ ಜ್ವರ ಇಳಿಯುತ್ತ ಬಂದಿದ್ದರೂ ಮೈಯಲ್ಲಿ ಕಸುವಿರಲಿಲ್ಲ. ಉಪ್ಪಿನ ಲಾರಿ ಓಡಿಸುತ್ತಿದ್ದ ಭಾವ ತೂತುಕುಡಿಯಿಂದ ನೇರ ನಮ್ಮಲ್ಲಿಗೆ ಬಂದರು, ಒದ್ದೆ ಗೋಣಿ ಸುತ್ತಿದ ಬುಟ್ಟಿಯೊಂದನ್ನು ಹೊತ್ತು. ಒಳಗೆ ಆರು ಕಡಲೇಡಿಗಳು. ಗದ್ದೆಯ ಮಣ್ಣುಬಣ್ಣದ ಏಡಿಗಳನ್ನೇ ಕಂಡಿದ್ದ ನಮಗೆ ಅವು ಮದುಮಕ್ಕಳಂತೆ ಕಂಡವು: ಕೆಂಪು ಬೆನ್ನು, ಬಿಳಿ ಚುಕ್ಕೆ, ಕಾಡಿಗೆ ತೀಡಿದಂತೆ ಕಪ್ಪಾದ ಕೊಂಡಿತುದಿ.

"ನಂಜಿಗೆ ಕಡಲೋರ ಮದ್ದು ಕಣತ್ತೆ. ಬೆಸ್ತರವ್ನೇ ಕೂಗಿ ಏಳ್ದ. ಈಗ್ಲೇ ಕುಟ್ಟಿ, ನಿಮ್ಮಗಳು ಸಂಜೆಗೆ ಎದ್ದು ಕುಣೀತಾಳೆ."

"ಕುಣ್ಸಾಕೆ ನೀವಿದ್ದೀರಲ್ಲ, ಏಡಿ ಯಾಕಪ್ಪಾ?" ಎಂದಳು ಅವ್ವ. ಎಂದರೂ ಕುಟ್ಟಿದಳು.

ಸಾರು ಕುದಿಯಿತು. ಗೋಡೆಗೊರಗಿ ಕುಳಿತ ಅಕ್ಕ ಕಂಚಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಊದಿಕೊಳ್ಳತೊಡಗಿದಳು. ಅವ್ವ ಸೌಟು ಹಿಡಿದೇ, ಲೋಕಾಭಿರಾಮವಾಗಿ, ಕೇಳಿದಳು: "ಅಲ್ಲಿಯೋರೂ ಇಂಗೇ ಕುಟ್ಟಿ ಕುಡೀತಾರಾ?"

"ಕುಡಿಯಾದ ನಾ ನೋಡ್ನಿಲ್ಲ ಬುಡಿ. ಬಲೆಯಿಂದ ಬಿಡಿಸಿ ಮರಳ ಮ್ಯಾಲೆ ಬಿಸಾಕ್ತಿದ್ರು. ನಾನು ಆಯ್ಕಂಡೆ."

"ಬಿಸಾಕ್ತಿದ್ರಾ? ಕೆಂಪಿ, ಬಟ್ಲು ಕೆಳಗಿಡು."

"ಆರೋಯ್ತದೆ ಕಣವ್ವಾ."

"ಆರ್ಲಿ. ಸಿದ್ದರಾಜಪ್ಪಾ, ಆ ಬೆಸ್ತ ಏನಂದ? ಅವನ ಬಾಯ್ಮಾತ್ನೇ ಏಳಿ, ನಿಮ್ದು ಸೇರಿಸ್ಬ್ಯಾಡಿ."

ಭಾವ ಗಂಟಲು ಸರಿಮಾಡಿಕೊಂಡು, ಪಾಠ ಒಪ್ಪಿಸುವವರಂತೆ, ಕೂಗಿದರು: "ನಂಜು ನಂಡು, ತಿನ್ನಾದೇ! ನಂಡು ಅಂದ್ರೆ ಏಡಿ, ಅಷ್ಟು ನಂಗೂ ಗೊತ್ತು. ನಂಜಿನ ಏಡಿ, ತಿನ್ನಾದೇ. ಎಲ್ಡು ಸಲ ಕೂಗ್ದ ಕಣತ್ತೆ!"

ಅವ್ವ ಬಟ್ಟಲನ್ನು ಕಸಿದುಕೊಂಡಳು. "ಅಯ್ಯೋ ನನ್ನಪ್ಪಾ! ನಮ್ಮಲ್ಲಿ ತಿನ್ನಾದೇ ಅಂದ್ರೆ ತಿನ್ನಾಕೆ. ಅವ್ರ ತಮಿಳ್ನಲ್ಲಿ ತಿನ್ನಾದೇ ಅಂದ್ರೆ ತಿನ್ಬ್ಯಾಡ!"

ಭಾವ ಓಡಿಹೋಗಿ ಗುದ್ದಲಿ ತಂದರು. ಅವ್ವ ಹಿತ್ತಿಲಲ್ಲಿ ಗುಂಡಿ ತೆಗೆದು ಸಾರನ್ನೂ ಬುಟ್ಟಿಯನ್ನೂ ಮಣ್ಣಿಗೆ ಕೊಟ್ಟು, ಕುಸ್ತಿ ಗೆದ್ದ ಪೈಲ್ವಾನನಂತೆ ಕೈ ಕೊಡವುತ್ತ ಒಳಗೆ ಬಂದಳು. ಎಷ್ಟೋ ದಿನದ ಮೇಲೆ ಅಕ್ಕ ನಕ್ಕಳು: "ನನ್ನ ಕೊಲ್ಲಾಕೆ ಅಷ್ಟು ದೂರ ಓಗ್ಬೇಕಿತ್ತಾ? ಯಳಂದೂರಲ್ಲೇ ಏನೂ ಸಿಕ್ನಿಲ್ವಾ?"

ಆ ನಗುವಿನಲ್ಲೇ ಅವಳು ಬದುಕಿದಳೆಂದು ನಮಗೆ ಗೊತ್ತಾಯಿತು.

ಎಂಥ ಕೆಡುಕೂ ಕುದಿದರೆ ಹೋಗುತ್ತದೆಂಬುದು ಗದ್ದೆಯ ನ್ಯಾಯ. ಕಡಲಿನ ಕೆಲವು ಏಡಿಗಳ ವಿಷ ಬೆಂಕಿಗೂ ಬಗ್ಗದು, ಮೊದಲು ತುಟಿ ಮರಗಟ್ಟಿ ಕೊನೆಗೆ ಉಸಿರೇ ನಿಲ್ಲಬಹುದು ಎಂದು ಬಹಳ ಕಾಲದ ಮೇಲೆ ಮೀನುಗಾರಿಕೆಯ ಅಧಿಕಾರಿಯೊಬ್ಬರು ನನಗೆ ಹೇಳಿದರು. ಅಷ್ಟು ಹೊತ್ತಿಗೆ ನಾನು ಪತ್ರಿಕೆಯ ವರದಿಗಾರನಾಗಿದ್ದೆ. ಕಂಡವರು ಯಾರೆಂದು ಕೇಳು, ಆಡಿದ ಮಾತನ್ನು ಆಡಿದಂತೆಯೇ ಬರೆದುಕೋ ಎಂದು ಕಚೇರಿಯ ಹಿರಿಯರು ಕಲಿಸಿದಾಗ ನನಗೆ ಹೊಸದೆನಿಸಲಿಲ್ಲ. ಅಕ್ಷರ ತಿಳಿಯದ ಅವ್ವ, ಸೌಟು ಹಿಡಿದು, ಆ ಎರಡೇ ಪ್ರಶ್ನೆಗಳಿಂದ ಸಾವನ್ನು ಹೊಸ್ತಿಲಾಚೆ ದಾಟಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅದಕ್ಕಿಂತ ದೊಡ್ಡ ಗೆಲುವಿನ ಸುದ್ದಿಯನ್ನು ನಾನಿನ್ನೂ ಬರೆದಿಲ್ಲ.

ಒರಳನ್ನು ಅವ್ವ ಬೂದಿ ಹಾಕಿ ಏಳು ಸಲ ತಿಕ್ಕಿ, ತಿಂಗಳುಗಟ್ಟಲೆ ಬಿಸಿಲಲ್ಲಿ ಮಗುಚಿಟ್ಟಿದ್ದಳು. ಅದೀಗ ಯಳಂದೂರಿನಲ್ಲಿ, ಅಕ್ಕನ ಮನೆಯಲ್ಲಿದೆ. ಕಳೆದ ಭಾನುವಾರ ಅವಳು ಅದರಲ್ಲಿ ಗದ್ದೆಯ ಏಡಿ ಕುಟ್ಟಿ ಸಾರು ಮಾಡಿದಳು. ಎಲ್ಲಿ ಹಿಡಿದದ್ದು, ಯಾರು ಯಾರು ತಿಂದರು ಎಂದು ಭಾವ ಮೊದಲು ಕೇಳಿದರು. ಆಮೇಲೆ ಎರಡು ಸಲ ಬಡಿಸಿಕೊಂಡರು.