ಉದ್ದ ಮಾಡಿದ ವಿಮಾನ

ಶಿವಮೊಗ್ಗದ ಸವಳಂಗ ರಸ್ತೆಯ ಅಂಗಡಿಯೊಂದರಲ್ಲಿ ಸ್ಕೂಟರಿನ ಹರಿದ ಸೀಟಿಗೆ ಹೊಸ ರೆಕ್ಸಿನ್ ಹಾಕಿಸುತ್ತಿದ್ದೆ. ಗಮ್ ಡಬ್ಬಿಯ ಮುಚ್ಚಳ ತೆಗೆದರು ನೋಡಿ, ಆ ಘಾಟಿಗೆ ಮಾವ ನೆನಪಾಗಿಬಿಟ್ಟರು. ಸ್ವಂತ ಮಾವನಲ್ಲ. ಭದ್ರಾವತಿಯಲ್ಲಿ ನಮ್ಮ ಪಕ್ಕದ ಮನೆಯವರು, ವ್ಯಾನುಗಳಿಗೆ ಬಾಡಿ ಕಟ್ಟುತ್ತಿದ್ದ ಮೇಸ್ತ್ರಿ. ಅವರ ಅಂಗಿಗೆ ಸದಾ ಇದೇ ವಾಸನೆ...

ವ್ಯಾನನ್ನು ನಡುವೆ ಕತ್ತರಿಸಿ, ಒಂದು ತುಂಡು ಸೇರಿಸಿ, ಇನ್ನೊಂದು ಸಾಲು ಸೀಟು ಕೂರಿಸುವುದರಲ್ಲಿ ಮಾವನದು ಎತ್ತಿದ ಕೈ. ಕೆಲಸ ಮುಗಿದ ದಿನ ಬೆಸುಗೆಯ ಮೇಲಿನ ಸೀಟಿನಲ್ಲಿ ತಾವೇ ಕುಳಿತು ಶಿವಮೊಗ್ಗಕ್ಕೆ ಹೋಗಿ ಬರುತ್ತಿದ್ದರು. ಆಮೇಲೆಯೇ ಮಾಲೀಕರ ಕೈಗೆ ಕೀಲಿ. ಊರೆಲ್ಲ ಆ ವ್ಯಾನುಗಳಲ್ಲಿ ಓಡಾಡಿತು, ಅವರ ಹೆಂಡತಿಯೊಬ್ಬರನ್ನು ಬಿಟ್ಟು. "ಕುಯ್ದು ಅಂಟಿಸಿದ್ರಲ್ಲಿ ನಾನು ಕೂರಲ್ಲ" ಎಂದು ಅತ್ತೆ ಬಸ್ಸಿಗೇ ಹೋಗುತ್ತಿದ್ದರು. ಮಾವ ನಗುತ್ತಿದ್ದರು, ಆದರೆ ಆ ಮಾತು ಅವರಿಗೆ ನಾಟಿತ್ತು.

ಶಿವಮೊಗ್ಗದ ಹತ್ತಿರ ಸೋಗಾನೆಯ ಹೊಸ ನಿಲ್ದಾಣಕ್ಕೆ ವಿಮಾನ ಬರತೊಡಗಿದ ಮೇಲೆ ಇಬ್ಬರಿಗೂ ತಿರುಪತಿಗೆ ಟಿಕೆಟ್ ಮಾಡಿಕೊಟ್ಟವಳು ನಾನು. ಆಗ ಒಂದು ಸಣ್ಣ ಜೆಟ್ ಬರುತ್ತಿತ್ತು. ಸಾಹುಕಾರರು ಓಡಾಡುವ ಪುಟ್ಟ ವಿಮಾನದ ನಕ್ಷೆಯನ್ನೇ ಉದ್ದ ಮಾಡಿ, ಸೀಟು ಹೆಚ್ಚಿಸಿ ಇದನ್ನು ಕಟ್ಟಿದ್ದಂತೆ. ಎಲ್ಲೋ ಓದಿದ್ದ ಇದನ್ನು ಹೇಳಿದ್ದೇ ತಡ, ಮಾವ ಹಿಗ್ಗಿ ಹೀರೇಕಾಯಿಯಾದರು. "ಹಂಗಾದ್ರೆ ನಾನು ಮಾಡ್ತಿದ್ದ ಕೆಲ್ಸಾನೇ" ಎಂದು ಒಳಗೆ ಹೋಗಿ ಅತ್ತೆಗೂ ಹೇಳಿಬಿಟ್ಟರು. ಅಲ್ಲಿಗೆ ಕೆಟ್ಟಿತು.

ಅತ್ತೆ ತುಂಬಿಟ್ಟಿದ್ದ ಬ್ಯಾಗನ್ನು ಬಿಚ್ಚಿ ಸೀರೆಗಳನ್ನು ಮತ್ತೆ ಬೀರುವಿನಲ್ಲಿಟ್ಟರು. "ನೀವು ಹೋಗಿ ಬನ್ನಿ. ನಂಗೆ ಲಾಡು ತಂದ್ರೆ ಸಾಕು." ಮಾವನ ಮುಖ ನೋಡಲಾಗುತ್ತಿರಲಿಲ್ಲ. ತಿರುಪತಿ ತಪ್ಪಿದರೂ ಅವರು ಸಹಿಸುತ್ತಿದ್ದರೇನೋ. ಹೆಂಡತಿ ತಮ್ಮಂಥವರ ಕೆಲಸವನ್ನು ಒಮ್ಮೆಯಾದರೂ ನಂಬಲಿ ಎಂಬ ಆಸೆ ಅವರದು. ಅವರು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ್ದನ್ನು ನೋಡಿ ಅತ್ತೆ ತುಸು ಕರಗಿದರು, ಆದರೆ ಷರತ್ತು ಹಾಕಿಯೇ. "ಜಾಯಿಂಟ್ ಇರೋ ಕಡೆ ನೀವು ಕೂತ್ಕೊಳ್ಳಿ. ನಾನು ಮುಂದೆ ಕೂತ್ಕೋತೀನಿ."

ವಿಮಾನದ ಜಾಯಿಂಟ್ ಎಲ್ಲಿರುತ್ತದೋ ನನಗೇನು ಗೊತ್ತು. ಮಾವನಿಗೆ ನಡುವಿನ ಸಾಲು, ಅತ್ತೆಗೆ ಮುಂದಿನ ಸಾಲು ಹಾಕಿಸಿದೆ. ದೇವರ ದರ್ಶನಕ್ಕೆ ಹೊರಟ ಗಂಡ ಹೆಂಡತಿ ಹೀಗೆ ಬೇರೆ ಬೇರೆ ಕೂತು ಹೋದರು.

ಮೇಲೇರಿದ ಸ್ವಲ್ಪ ಹೊತ್ತಿಗೆ ಅತ್ತೆ ತಿರುಗಿ ನೋಡಿದರಂತೆ. ಮಾವ ವಿಮಾನದ ಗೋಡೆಯನ್ನು ಬೆರಳಿನಿಂದ ತಟ್ಟುತ್ತಾ, ಕಿವಿಗೊಟ್ಟು ಕೇಳುತ್ತಾ ಕೂತಿದ್ದರು. ಅತ್ತೆ ಎದ್ದು ಹೋಗಿ ಅವರ ಪಕ್ಕದ ಖಾಲಿ ಸೀಟಿನಲ್ಲಿ ಕೂತರು.

"ಸಿಕ್ತಾ ಜಾಯಿಂಟು?"

"ಇಲ್ಲ ಮಾರಾಯ್ತಿ. ಒಳ್ಳೆ ಮೇಸ್ತ್ರಿ ಯಾರೋ."

ಇಳಿಯುವವರೆಗೂ ಅತ್ತೆ ಅಲ್ಲಿಂದ ಏಳಲಿಲ್ಲ. ಇದನ್ನು ಮಾವ ನನಗೆ ಎಷ್ಟು ಸಲ ಹೇಳಿದ್ದರೋ...

ಅವರು ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ಅವರಿಲ್ಲದ ಆ ಮನೆಗೆ ಹೋಗಲು ನನಗೆ ಈಗಲೂ ಕಷ್ಟ. ಆದರೂ ಅಂಗಡಿಯಿಂದ ನೇರ ಭದ್ರಾವತಿಗೆ ಹೋದೆ. ಅತ್ತೆ ಕಾಫಿ ಕೊಟ್ಟು, ತಾವೇ ವಿಮಾನದ ಕಥೆ ತೆಗೆದರು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಮೇಲೆ ಅತ್ತೆ ಲೋಟ ಎತ್ತಿಕೊಳ್ಳುತ್ತಾ ಮೆಲ್ಲಗೆ ಹೇಳಿದರು.

"ತಿರುಪತಿಯಿಂದ ಬಂದ್ಮೇಲೆ, ನೀವು ಕಟ್ಟಿದ ವ್ಯಾನಲ್ಲೂ ಒಂದ್ಸಲ ಕೂರಿಸ್ಕೊಂಡು ಹೋಗಿ ಅಂತ ನಿನ್ನ ಮಾವಂಗೆ ಅಂದೆ ಕಣೆ. ಊರೆಲ್ಲ ಹುಡುಕಿದ್ರು. ಎಲ್ಲಾ ಗುಜರಿಗೆ ಹೋಗಿ, ಒಂದೂ ಉಳಿದಿರ್ಲಿಲ್ಲ."