ಅತ್ತೆ ಮುಚ್ಚಿದ ನಲ್ಲಿ

ಮೊನ್ನೆ ಶನಿವಾರ ಬೆಳಿಗ್ಗೆ ನನ್ನ ಗಂಡ ಬಸು ಬೆಂಕಿ ಉಗುಳುವ ಕೊಳವೆ ಹಿಡಿದು ಸ್ಟೋರ್ ರೂಮಿಗೆ ನುಗ್ಗಿದ. ಅಂಗಳದ ಕಲ್ಲಿನ ಸಂದಿಯಲ್ಲಿ ಬೆಳೆದ ಕಳೆ ಸುಡಲು ಇಲ್ಲಿನವರು ಬಳಸುತ್ತಾರಲ್ಲ, ಅದೇ. ಆದರೆ ಅವನು ಗುರಿ ಇಟ್ಟಿದ್ದು ನಮ್ಮ ನೀರಿನ ಪೈಪಿಗೆ!

ಪೈಪು ಹೆಪ್ಪುಗಟ್ಟಿತ್ತು. ಪರದೇಶದ ಈ ಟಿಲ್‌ಬರ್ಗ್ ಊರಿನ ನಮ್ಮ ಬಾಡಿಗೆ ಮನೆ ತುಂಬ ಹಳೆಯದು. ಅಡುಗೆಮನೆ, ಬಚ್ಚಲು ಎರಡಕ್ಕೂ ನೀರು ಬರುವುದು ಹೀಟಿಂಗ್ ಇಲ್ಲದ ಈ ಸ್ಟೋರ್ ರೂಮಿನ ಮೂಲಕ. ಪಕ್ಕದ ಮನೆಯ ಹಿರಿಯಾಕೆ ಯೋಕೆ ಹಿಂದಿನ ಸಂಜೆಯೇ ಎಚ್ಚರಿಸಿದ್ದರು: ಚಳಿ ಜೋರಿದೆ, ನಲ್ಲಿ ಸಣ್ಣಗೆ ಬಿಟ್ಟಿರಿ, ಹರಿಯುವ ನೀರು ಬೇಗ ಗಟ್ಟಿಯಾಗುವುದಿಲ್ಲ. ನಾನು ದಾರದಷ್ಟು ತೆಳ್ಳಗೆ ಬಿಟ್ಟು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ನಲ್ಲಿ ಬಿಗಿಯಾಗಿ ಮುಚ್ಚಿತ್ತು. ಯಾರ ಕೆಲಸ ಇದು?

"ನಾನ ಬಂದ್ ಮಾಡೇನಿ," ಎಂದರು ಅತ್ತೆ, ಬಾಗಿಲಲ್ಲಿ ನಿಂತು. "ನಳಾ ಸೋರಾಕತ್ತಿತ್ತು. ನೀವು ಮರ್ತೀರಿ ಅಂದ್ಕೊಂಡೆ."

ಅತ್ತೆ ಹುಬ್ಬಳ್ಳಿಯವರು. ವಾರಕ್ಕೊಮ್ಮೆ ನೀರು ಬರುವ ಓಣಿಯಲ್ಲಿ ಸಂಸಾರ ಮಾಡಿದವರು. (ನಾನು ಮೈಸೂರಿನವಳು. ನಲ್ಲಿ ಬಿಟ್ಟುಕೊಂಡೇ ಹಲ್ಲುಜ್ಜಿ ಬೆಳೆದವಳು.) ಸೋರುವ ನಲ್ಲಿಯನ್ನು ನೋಡಿಯೂ ನೋಡದ ಹಾಗೆ ಹೋಗಲು ಅವರಿಂದ ಆದೀತೇ?

ವಿಷಯ ತಿಳಿದದ್ದೇ ಅವರ ಮುಖ ಸಣ್ಣದಾಯಿತು. "ನನ್ನಿಂದ ನಿಮಗ ತ್ರಾಸ ಆತು. ಬಸು, ಲಗೂನ ಹೋಗೂ ಹಂಗ ಟಿಕೆಟ್ ಮಾಡಿಸಪಾ. ಇಲ್ಲಿ ನಂದರ ಏನ್ ಕೆಲಸ ಐತಿ?"

ಅವರು ಬಂದು ಇನ್ನೂ ತಿಂಗಳಾಗಿರಲಿಲ್ಲ. ನಲ್ಲಿಯ ವಿಷಯ ನಾನು ಬಸುಗೆ ಹೇಳಿದ್ದೆ, ಮಗಳಿಗೆ ಹೇಳಿದ್ದೆ, ಆಫೀಸಿನ ಗೆಳತಿಗೆ ಫೋನ್ ಮಾಡಿ ಹೇಳಿದ್ದೆ. ಅತ್ತೆಗೆ ಹೇಳಬೇಕೆಂದು ಹೊಳೆದಿರಲೇ ಇಲ್ಲ. ಅವರಿಗ್ಯಾಕೆ ಈ ಪೈಪಿನ ಪುರಾಣ ಎಂದುಕೊಂಡಿದ್ದೆ.

ಅಷ್ಟರಲ್ಲಿ ಯೋಕೆ ಬಂದರು. ಬಸುವಿನ ಕೈಯಲ್ಲಿದ್ದುದನ್ನು ಕಂಡು "ನೇ, ನೇ, ನೇ" ಎಂದು ಅವರ ಭಾಷೆಯಲ್ಲಿ ಬೇಡವೆನ್ನುತ್ತಾ ಕಸಿದುಕೊಂಡರು. ಬೆಂಕಿ ಬೇಡ, ಕುದಿಯುವ ನೀರೂ ಬೇಡ. ನಲ್ಲಿ ತೆರೆದಿಡಿ. ಹೇರ್ ಡ್ರೈಯರ್ ತನ್ನಿ, ಅದಕ್ಕೆ ನೀರು ತಾಗದಂತೆ ನೋಡಿಕೊಳ್ಳಿ. ನಲ್ಲಿಯ ಕಡೆಯಿಂದ ಶುರು ಮಾಡಿ ಹಿಂದಕ್ಕೆ ಹೋಗಿ. ನಡುವೆ ಮೊದಲು ಕರಗಿದರೆ ನೀರಿಗೆ ದಾರಿ ಸಿಗದೆ ಪೈಪೇ ಒಡೆದೀತು. ಬಸುವನ್ನು ಮೇನ್ ವಾಲ್ವಿನ ಹತ್ತಿರ ನಿಲ್ಲಿಸಿದರು. ಎಲ್ಲಾದರೂ ಸೀಳು ಕಂಡರೆ ತಕ್ಷಣ ಮುಚ್ಚಬೇಕಲ್ಲ?

ಡ್ರೈಯರ್ ತಲುಪದ ಮೂಲೆಗೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ ಸುತ್ತಿ ಎಂದರು. ಎಲ್ಲಿಯ ಬಿಸಿನೀರು? ತಣ್ಣೀರಿಗೇ ಗತಿಯಿಲ್ಲ!

ನಾನು ಅದನ್ನು ಕನ್ನಡದಲ್ಲಿ ಗೊಣಗಿದೆ. ಅತ್ತೆ ತಲೆಯೆತ್ತಿದರು.

"ನೀರ್ ಐತಲ್ಲವಾ."

ಊಟದ ಮೇಜಿನ ಕೆಳಗೆ ಎರಡು ಬಕೆಟ್, ಪ್ರೆಶರ್ ಕುಕ್ಕರ್, ಎಣ್ಣೆ ಕಾಯಿಸುವ ಬಾಣಲೆ, ಕೊನೆಗೆ ನನ್ನ ಹೂದಾನಿ ಕೂಡ. ಎಲ್ಲವೂ ತುಂಬಿ ತಟ್ಟೆ ಮುಚ್ಚಿಕೊಂಡು ಕೂತಿದ್ದವು. ದಿನಾ ಸಂಜೆ ತುಂಬಿಡುತ್ತಿದ್ದರು. ನಾನು ದಿನಾ ನಗುತ್ತಿದ್ದೆ.

ಆಮೇಲೆ ನೋಡಬೇಕಿತ್ತು ಅವರ ಓಡಾಟವನ್ನು. ನೀರು ಕಾಯಿಸಿದರು, ಟವೆಲ್ ಹಿಂಡಿದರು, ಬಾಣಂತಿಗೆ ಸೊಂಟ ಕಟ್ಟುವಂತೆ ಪೈಪಿಗೆ ಸುತ್ತಿದರು. ತಣ್ಣಗಾದದ್ದನ್ನು ತೆಗೆದು ಮತ್ತೊಂದು. ನಡುವೆ ಯೋಕೆಗೆ ಚಹಾ ಬೇರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಯಾವ ಟವೆಲ್ ತಣ್ಣಗಾಗಿದೆ ಎಂದು ಇಬ್ಬರಿಗೂ ಒಟ್ಟಿಗೇ ಗೊತ್ತಾಗುತ್ತಿತ್ತು. ನಾನು ಡ್ರೈಯರ್ ಹಿಡಿದು ಇಂಚಿಂಚೇ ಹಿಂದೆ ಸರಿಯುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ನಲ್ಲಿ ಕೆಮ್ಮಿತು. ಮೊದಲು ಹನಿ, ಆಮೇಲೆ ಧಾರೆ. ಪೈಪಿನಲ್ಲಿ ಎಲ್ಲೂ ಸೀಳಿರಲಿಲ್ಲ. ಅತ್ತೆ ಅಂಗೈ ಒಡ್ಡಿ ನಿಂತೇ ಇದ್ದರು. ನನಗೆ ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ತಬ್ಬಿಕೊಂಡೆ.

ಸಂಜೆ ಅವರೇ ಕೇಳಿದರು. "ಇವತ್ತ ನಳಾ ಎಷ್ಟ್ ಬಿಡಬೇಕವಾ?"

"ನೀವೇ ನೋಡಿ ಬಿಡಿ ಅತ್ತೆ. ಇನ್ನು ಆ ಕೆಲಸ ನಿಮ್ಮದು."

ದಾರದಷ್ಟೇ ಬಿಟ್ಟರು. ಸ್ವಲ್ಪ ಹೊತ್ತು ಸಂಕಟಪಟ್ಟು ನೋಡಿದರು. ಆಮೇಲೆ ಬಕೆಟ್ ತಂದು ಅದರ ಕೆಳಗಿಟ್ಟರು. ಟಿಕೆಟ್ಟಿನ ಮಾತು ಮತ್ತೆ ಬರಲಿಲ್ಲ.

ಈ ವಾರವೂ ಚಳಿ ಜೋರಂತೆ. ನಲ್ಲಿಯ ವಿಷಯ ನಿಮ್ಮ ಮನೆಯಲ್ಲಿ ಎಲ್ಲರಿಗೂ ಹೇಳಿದ್ದೀರಿ, ಸರಿ, ಅತ್ತೆಗೆ ಹೇಳಿದಿರಾ?